ತುರೋರಿಯ ಮೊದಲ ವಡಾಪಾವ್

ತುರೋರಿಯ ಹೆದ್ದಾರಿ ಬದಿಯ ವಡಾಪಾವ್ ತಿನ್ನಲೆಂದೇ ನಾನೂ ಗೆಳೆಯ ರೇವಣಸಿದ್ಧನೂ ನಿಲಂಗಾದಿಂದ ಬೈಕ್ ಹತ್ತಿ ಹೋಗಿದ್ದೆವು. ಮಟಮಟ ಮಧ್ಯಾಹ್ನ. ವಡಾಪಾವ್ ಗಾಡಿಯ ಒಡತಿ ಪ್ರಯಾಗಬಾಯಿ ಎಣ್ಣೆಯಿಂದ ತೆಗೆದ ಮೊದಲ ವಡೆಯನ್ನು ಪಾವಿನೊಳಗಿಟ್ಟು, ರಸ್ತೆಯಂಚಿನ ಕಲ್ಲಿನ ಮೇಲೆ ಇರಿಸಿ ಬಂದಳು. ಹಸಿದಿದ್ದ ರೇವಣಸಿದ್ಧ ಅದಕ್ಕೇ ಕೈ ಹಾಕಿದ.

“ಮುಟ್ಟಬ್ಯಾಡ್ರೀ! ಅದು ನನ್ನ ಮಗ ದಿಗಂಬರಂದದ. ಇಲ್ಲೇ ಲಾರಿ ಕೆಳಗ ಸತ್ತಾನ.”

“ಸತ್ತಾಂವಗ ಎಲ್ಲೀ ಹಸಿವಿ, ಯವ್ವಾ?” ಎಂದು ರೇವಣಸಿದ್ಧ ನಕ್ಕು ಅದನ್ನು ಕಚ್ಚಿದ. ಕೂಡಲೇ ಮುಖ ಕಿವುಚಿದ. “ಈಗ ಕರದದ್ದು, ಬರ್ಫದಂಗ ಥಣ್ಣಗದಲ್ಲೋ!”

ಅಷ್ಟರಲ್ಲಿ ಅವನ ಬಲಗೈಯನ್ನು ಯಾರೋ ಕಲ್ಲಿನತ್ತ ಜಗ್ಗಿದಂತಾಯಿತು. ಅವನು ಕಿರುಚಿದ. ನನ್ನ ಕಣ್ಣೆದುರೇ ಅಂಗೈಯ ಮಾಂಸ ಹರಿದು ಬಂತು. ಕಲ್ಲಿನ ಮೇಲೆ ರಕ್ತ ಸುರಿಯುತ್ತಿತ್ತು, ಪಕ್ಕದಲ್ಲೇ ಅಗಿಯುವ ಸದ್ದು. ಅಲ್ಲಿ ಯಾರೂ ಇರಲಿಲ್ಲ. ನಾನು ಅವನ ಸೊಂಟ ಹಿಡಿದು ಎಳೆದೆ, ಅಲುಗಲಿಲ್ಲ.

ಪ್ರಯಾಗಬಾಯಿ ಕುದಿಯುವ ಎಣ್ಣೆಯಿಂದ ವಡೆ ತೆಗೆಯುವ ಝಾರಾ ಎತ್ತಿಕೊಂಡು ಓಡಿಬಂದು ಗಾಳಿಗೆ ಬಾರಿಸಿದಳು. “ಸೋಡ್ ರೇ ಬಾಳಾ! ಬಿಡೋ ಮಗನ, ಬಿಡು ಅಂವನ್ನ!” ಸುಟ್ಟ ಚರ್ಮದ ವಾಸನೆ ಬಂತು. ರೇವಣಸಿದ್ಧನ ಕೈ ಬಿಡುಗಡೆಯಾಯಿತು.

ಉಮರ್ಗಾದ ದವಾಖಾನೆಯಲ್ಲಿ ಡಾಕ್ಟರು ಅವನ ಅಂಗೈಯಲ್ಲಿ ಸಿಕ್ಕಿಕೊಂಡಿದ್ದ ಮನುಷ್ಯನ ಹಲ್ಲೊಂದನ್ನು ಕಿತ್ತು ತಟ್ಟೆಗೆ ಹಾಕಿದರು. ರೇವಣಸಿದ್ಧನ ಬಾಯಲ್ಲಿ ಒಂದು ಹಲ್ಲೂ ಬಿದ್ದಿರಲಿಲ್ಲ.