ದೋಬ್ರವಾಳ ಸಂಜೆಯ ಕೂಗು

ಬಹಳ ಬಹಳ ಹಿಂದೆ, ಮಂಜು ಮುಸುಕಿದ ಬೆಟ್ಟಗಳ ಆಚೆ ಬೆಲೋಗೋರಿ ಅನ್ನುವ ರಾಜ್ಯವಿತ್ತು. ಅಲ್ಲಿಯ ಜನ ಮರದ ದಿಮ್ಮಿಗಳನ್ನು ಪೇರಿಸಿ ಮನೆ ಕಟ್ಟುತ್ತಿದ್ದರು. ಅದನ್ನು ಅವರು 'ದೋಮ್' ಅನ್ನುತ್ತಿದ್ದರು. ಬರೀ ಗೋಡೆ, ಸೂರು ಅಲ್ಲ. ಒಲೆ, ಒಲೆಯ ಸುತ್ತ ಮಲಗುವವರು, ಒಲೆಯ ಹಿಂದೆ ಯಾರ ಕಣ್ಣಿಗೂ ಬೀಳದೆ ವಾಸಿಸುವ ಗಡ್ಡದ ಮನೆತಾತ, ಇಷ್ಟೂ ಸೇರಿದರೆ ದೋಮ್. ಸಂಜೆಯಾದರೆ ಹೆಂಗಸರು ಬೇಲಿಯ ಹತ್ತಿರ ನಿಂತು 'ದೋಮೋ...ವ್' ಎಂದು ರಾಗ ಎಳೆಯುವರು. ಮನೆಗೆ ಬನ್ನಿ ಅಂತ ಅರ್ಥ. ದನಗಳು, ಮಕ್ಕಳು, ಕೆಲಸಕ್ಕೆ ಹೋದ ಗಂಡಸರು, ಎಲ್ಲರೂ ಆ ಒಂದು ಕೂಗಿಗೆ ಹಿಂತಿರುಗುವರು.

ಆ ರಾಜ್ಯದ ಹುಡುಗಿ ದೋಬ್ರವಾ ಮದುವೆಯಾಗಿ ಬೆಟ್ಟ ಇಳಿದು, ನದಿ ದಾಟಿ, ಪೋಲಾನಾ ಎಂಬ ಬಯಲು ಸೀಮೆಗೆ ಬಂದಳು. ಹೊರಡುವ ದಿನ ತಾಯಿ ತನ್ನ ಒಲೆಯ ಕೆಂಡವನ್ನು ಒಂದು ಮಡಕೆಗೆ ತುಂಬಿದಳು. ಒಳಗೆ ನಿಂತು ಕೊಡಲಿಲ್ಲ. ಹೊಸ್ತಿಲು ದಾಟಿ ಹೊರಗೆ ಬಂದು ಮಗಳ ಕೈಗಿಟ್ಟಳು. ಹೊಸ್ತಿಲು ಮನೆತಾತನ ಜಾಗ, ಅದರ ಮೇಲಿಂದ ಯಾರೂ ಯಾರಿಗೂ ಕೈ ಚಾಚಬಾರದು. ಬೆಲೋಗೋರಿಯಲ್ಲಿ ನಡೆಯಲು ಕಲಿಯುವ ಮಗುವಿಗೂ ಅದು ಗೊತ್ತು.

ಆ ಕೆಂಡದಿಂದ ಹೊತ್ತಿಸಿದ ಒಲೆಯನ್ನು ದೋಬ್ರವಾ ಎಂದೂ ಆರಲು ಬಿಡಲಿಲ್ಲ. ತಲೆ ಬೆಳ್ಳಗಾಯಿತು, ಮಕ್ಕಳಿಗೆ ಮಕ್ಕಳಾದರು. ಆದರೂ ಸಂಜೆ ತನ್ನ ಬೂದು ಹಸುವನ್ನು ಕರೆಯುವಾಗ ಅವಳ ಬಾಯಲ್ಲಿ ತವರಿನ ಮಾತೇ ಬರುತ್ತಿತ್ತು. ಪೋಲಾನಾದವರು ಮನೆಗೆ 'ಹಿಜಾ' ಅನ್ನುವವರು. ಅವರಿಗೆ ಈ ಕೂಗು ಕೇಳಿದರೆ ನಗು.

"ಇವಳನ್ನು ಕಟ್ಟಿಕೊಂಡು ಮುದುಕನಾದೆ, ಇವಳ ನಾಲಿಗೆ ಇನ್ನೂ ನದಿ ದಾಟಿಲ್ಲ" ಎಂದು ಗಂಡ ರಾದಿಮ್ ಬೇಲಿಯಾಚೆಯವರಿಗೆಲ್ಲ ಹೇಳುತ್ತಿದ್ದ.

"ನಿನ್ನ ಹಸು ನನ್ನ ನಾಲಿಗೆಗೇ ಬರುತ್ತೆ, ಸುಮ್ಮನಿರು" ಅನ್ನುತ್ತಿದ್ದಳು ದೋಬ್ರವಾ.

ಒಂದು ಸಂಜೆ ಅವಳು ಹಾಗೆ ಕೂಗುತ್ತಿರುವಾಗ, ದಾರಿಯಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳು ನಿಂತಲ್ಲೇ ಕುಸಿದು ಅಳತೊಡಗಿದಳು.

"ಯಾಕಮ್ಮಾ, ಏನಾಯಿತು?"

"ಗೊತ್ತಿಲ್ಲ ಅಜ್ಜಿ. ನೀವು ಏನು ಕೂಗಿದಿರೋ ಅದೂ ನೆನಪಿಲ್ಲ. ಆದರೆ ಅಳು ಬಂತು." ಅವಳು ನೇದಾ, ದೋಬ್ರವಾಳ ತಂಗಿಯ ಮೊಮ್ಮಗಳು. ದೊಡ್ಡಜ್ಜಿಯನ್ನೇ ಹುಡುಕಿಕೊಂಡು ಬೆಲೋಗೋರಿಯಿಂದ ಬಂದವಳು.

ಒಲೆಯ ಮುಂದೆ ಕೂತು ನೇದಾ ಹೇಳಿದಳು. ಬೆಲೋಗೋರಿಗೆ ಚೆರ್ನಿಮಿರ್ ಎಂಬ ಮಾಂತ್ರಿಕ ಬಂದಿದ್ದ. ಮುಗಿಲು ಮುಟ್ಟುವ ಗೋಪುರ ಕಟ್ಟಿಸಲು ಜನರನ್ನು ಹಿಡಿದ. ಆದರೆ ಸೂರ್ಯ ಇಳಿದ ಕೂಡಲೇ ಎಲ್ಲರೂ ಕಲ್ಲು ಕೆಳಗಿಟ್ಟು ಹೊರಟುಬಿಡುತ್ತಿದ್ದರು. ಚಾವಟಿಗೂ ಬಗ್ಗಲಿಲ್ಲ. ಕೊನೆಗೆ ಅವನು ಮಂತ್ರ ಹಾಕಿ, ಅವರ ಒಂದು ಮಾತನ್ನು ಕದ್ದು ಸೊಂಟದ ಚೀಲದಲ್ಲಿ ಕಟ್ಟಿಕೊಂಡ. ಅಂದಿನಿಂದ ಯಾರೂ ಹಿಂತಿರುಗುವುದಿಲ್ಲ. ಎಲ್ಲಿಗೆ ಹಿಂತಿರುಗಬೇಕೆಂದೇ ಗೊತ್ತಿಲ್ಲ. ಒಲೆಗಳೆಲ್ಲ ಆರಿವೆ. ತಾಯಂದಿರು ತಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಾರೆ, ಗುರುತಿಸುವುದಿಲ್ಲ.

"ನನ್ನ ತಂಗಿ?"

"ನಮ್ಮಜ್ಜಿಯೂ ಕಲ್ಲು ಹೊರುತ್ತಾರೆ. ನಮ್ಮ ಮನೆತಾತ ಬೂದಿಯಲ್ಲಿ ನಡುಗುತ್ತಾ ಮಲಗಿದ್ದಾನೆ. ಅವನೇ ನನಗೆ ಹೇಳಿದ್ದು: 'ಮಾತು ಕಳವಾಗುವ ಮೊದಲೇ ದೂರ ಹೋದವಳ ಬಾಯಲ್ಲಿ ಮಾತ್ರ ಅದು ಉಳಿದಿದೆ. ನಮ್ಮ ಒಲೆಯಲ್ಲಿ ನಮ್ಮದೇ ಬೆಂಕಿ ಹೊತ್ತಿಸಿ, ಅದರೆದುರು ಆ ಮಾತು ಆಡಿದರೆ ಚೀಲದ ಗಂಟು ಬಿಚ್ಚುತ್ತೆ. ದಾರಿಯಲ್ಲಿ ಆಡಿದರೆ ಅದೂ ಚೀಲ ಸೇರುತ್ತೆ.' ಆದರೆ ನಮ್ಮ ಬೆಂಕಿ ಎಲ್ಲಿದೆ ಅಜ್ಜಿ?"

ದೋಬ್ರವಾ ಎದ್ದು ಅಟ್ಟದ ಮೇಲಿನ ಹಳೆಯ ಮಡಕೆ ಇಳಿಸಿದಳು. "ಇಷ್ಟೊತ್ತು ಅದರ ಮುಂದೆಯೇ ಕೂತು ಕೈ ಕಾಯಿಸಿಕೊಂಡೆಯಲ್ಲ!"

ಬೆಳಗ್ಗೆ ಹೊರಡುವಾಗ ರಾದಿಮ್ ಬಾಗಿಲಲ್ಲಿ ನಿಂತ. "ಹಸುವಿನ ಗತಿ?"

"ನೀನು ಕರೆ."

"ನಿನ್ನ ಆ ಕೂಗು ನನಗೆ ಬರಲ್ಲ ಮಾರಾಯ್ತಿ."

"ಕಲಿ" ಎಂದಳು. ಮಡಕೆ ಹಿಡಿದು, ನೇದಾಳ ಜೊತೆ ಹೊರಟಳು.

ನದಿಯ ಸೇತುವೆಯ ಮೇಲೆ ಕಬ್ಬಿಣದ ಹಲ್ಲಿನ ತೋಳ ಕೂತಿತ್ತು. ಮಾಂತ್ರಿಕನ ಮೊದಲ ಕಾವಲು.

"ಮುದುಕೀ, ಎಲ್ಲಿಗೆ ಹೊರಟೆ?"

ಮಾತು ಬಾಯಿಗೆ ಬಂದೇಬಿಟ್ಟಿತ್ತು. ಅವಳು ನುಂಗಿಕೊಂಡಳು. "ಬೇರು ಹುಡುಕೋಕೆ ಕಣಪ್ಪಾ, ಹಲ್ಲುನೋವಿಗೆ. ಅಯ್ಯೋ, ನಿನ್ನ ಹಲ್ಲು ಎಷ್ಟು ತುಕ್ಕು ಹಿಡಿದಿದೆ! ನಿನಗೂ ಎರಡು ತರಲಾ?"

ತೋಳ ನಾಚಿಕೆಯಿಂದ ಬಾಯಿ ಮುಚ್ಚಿತು. "ತಾ" ಎಂದು ಮುಚ್ಚಿದ ಬಾಯಲ್ಲೇ ಹೇಳಿ ದಾರಿ ಬಿಟ್ಟಿತು.

ಕಣಿವೆಯಲ್ಲಿ ಮಂಜಿನ ಹೆಂಗಸು ನಿಂತಿದ್ದಳು. ಎರಡನೆಯ ಕಾವಲು. ಅವಳು ಉಸಿರು ಬಿಟ್ಟರೆ ಹಾರುವ ಹಕ್ಕಿ ಹೆಪ್ಪುಗಟ್ಟಿ ಬೀಳುತ್ತಿತ್ತು.

"ಎಲ್ಲಿಗೆ ಹೊರಟೆ? ಹೇಳಿದರೆ ನಿನ್ನ ಕೆಂಡ ಉಳಿಯುತ್ತೆ. ಇಲ್ಲವಾದರೆ ಊದಿಬಿಡುತ್ತೇನೆ."

ದೋಬ್ರವಾ ಒಣ ರೊಟ್ಟಿಯ ತುಂಡನ್ನು ಬಾಯಿಗೆ ತುರುಕಿಕೊಂಡಳು. ಬಾಯಿ ತುಂಬಿದಾಗ ಮಾತಾಡಬಾರದೆಂದು ಅಮ್ಮ ಕಲಿಸಿದ್ದಳು. ಮಡಕೆಯನ್ನು ಶಾಲಿನೊಳಗೆ ಎದೆಗೆ ಅವಚಿಕೊಂಡು ನಡೆದಳು. ಹೊರಗೆ ಹುಬ್ಬಿನ ಮೇಲೆ ಹಿಮ ಕಟ್ಟಿತು, ಒಳಗೆ ಎದೆಯ ಚರ್ಮ ಸುಟ್ಟಿತು. ರೊಟ್ಟಿ ಅಗಿಯುತ್ತಲೇ ಕಣಿವೆ ದಾಟಿದಳು.

ಬೆಟ್ಟ ಹತ್ತಿದರೆ ಎದುರಿಗೆ ತವರು. ಅದೇ ದಿಮ್ಮಿಯ ಗೋಡೆ, ಕಿಟಕಿಯಲ್ಲಿ ಅದೇ ಒಣಗಿದ ಸೇಬಿನ ಸರ, ಬರ್ಚ್ ಸೌದೆಯ ಅದೇ ಹೊಗೆ. ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಹಿಟ್ಟು ಮೆತ್ತಿದ ಕೈಯಲ್ಲಿ, ಮದುವೆಯ ದಿನ ಕಂಡ ಹಾಗೆಯೇ.

"ಬಂದೆಯಾ ಮಗಳೇ? ಎಷ್ಟು ಸೊರಗಿದ್ದೀಯೆ! ಎಲ್ಲಿಗೆ ಬಂದೆ ಹೇಳು?"

ಆ ದನಿಗಾಗಿ ದೋಬ್ರವಾ ಒಂದು ಆಯುಷ್ಯವನ್ನೇ ಕಾದಿದ್ದಳು. ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ, "ಬಾ" ಎಂದು ಹೊಸ್ತಿಲ ಮೇಲಿಂದ ಕೈ ಚಾಚಿದಳು.

ದೋಬ್ರವಾ ಬಾಯಿ ಮುಚ್ಚಿದಳು. ಚಾಚಿದ ಆ ಕೈಯನ್ನೇ ನೋಡಿದಳು.

"ನನ್ನ ಅಮ್ಮ ಆಗಿದ್ದರೆ ಹೊರಗೆ ಬರುತ್ತಿದ್ದಳು" ಎಂದಳು ಮೆಲ್ಲಗೆ.

ಅಮ್ಮ ಹೊಗೆಯಾದಳು. ಸೇಬಿನ ಸರ ಹೊಗೆಯಾಯಿತು. ಹಿಂದೆ ಇದ್ದ ನಿಜವಾದ ಮನೆ ಕಂಡಿತು. ಬಾಗಿಲು ವಾಲಿತ್ತು, ಒಲೆಯಲ್ಲಿ ಜೇಡರ ಬಲೆ. ನೇದಾ ಪುಳ್ಳೆ ಒಟ್ಟಿದಳು. ದೋಬ್ರವಾ ಮಡಕೆ ಬಗ್ಗಿಸಿದಳು. ಅಕ್ಕಿಕಾಳಿನಷ್ಟು ಕೆಂಪು ಉಳಿದಿತ್ತು. ಊದಿದಳು, ಊದಿದಳು. ಉರಿ ಹತ್ತಿದಾಗ ಅದರ ಮುಂದೆ ಕೂತು, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ ಹೇಳಿದಳು:

"ದೋಮ್."

ಒಲೆಯ ಹಿಂದೆ ಮನೆತಾತ ಬೂದಿಯೊಳಗಿಂದ ಜೋರಾಗಿ ಸೀನಿದ.

ಸೂರ್ಯ ಇಳಿಯುತ್ತಿದ್ದ. ಅವಳು ಬೇಲಿಯ ಹತ್ತಿರ ಹೋಗಿ ಎದೆ ತುಂಬ ಉಸಿರೆಳೆದು ಕೂಗಿದಳು. "ದೋಮೋ...ವ್!"

ಮೊದಲು ದನಗಳು ಕಿವಿ ನಿಮಿರಿಸಿದವು. ಆಮೇಲೆ ಗೋಪುರದ ಮೇಲೆ ಒಬ್ಬಾಕೆ ಕಲ್ಲು ಕೆಳಗಿಟ್ಟಳು. ಅವಳು ದೋಬ್ರವಾಳ ತಂಗಿ. ಅವಳ ಹಿಂದಿನವನು ಇಟ್ಟ. ಎಲ್ಲರೂ ಇಟ್ಟರು. ಚೆರ್ನಿಮಿರನ ಚೀಲದ ಗಂಟು ತಾನಾಗಿ ಬಿಚ್ಚಿಕೊಂಡಿತು.

"ನಿಲ್ಲಿ! ಎಲ್ಲಿಗೆ ಹೊರಟಿರಿ?" ಎಂದು ಅವನು ಅರಚಿದ.

ಇಡೀ ಬೆಲೋಗೋರಿ ಒಂದೇ ದನಿಯಲ್ಲಿ ಉತ್ತರ ಕೊಟ್ಟಿತು. "ದೋಮೋವ್!"

ಹೊರುವ ಹೆಗಲಿಲ್ಲದೆ ಗೋಪುರ ಕುಸಿಯಿತು. ಚೀಲ ಬರಿದಾದ ಮಾಂತ್ರಿಕ ಒಣಗಿದ ಎಲೆಯಂತೆ ಹಗುರಾಗಿ, ಗಾಳಿಗೆ ಸಿಕ್ಕಿ ಹಾರಿಹೋದ. ಅವನ ಕಲ್ಲುಗಳಿಂದ ಜನ ಹೊಸ ಒಲೆ ಕಟ್ಟಿಕೊಂಡರು.

ಆ ಚಳಿಗಾಲವೆಲ್ಲ ದೋಬ್ರವಾ ತಂಗಿಯ ಜೊತೆ ಒಲೆಯ ಕಟ್ಟೆಯ ಮೇಲೆ ಮಲಗಿ, ಅಮ್ಮನ ಮಾತು, ಸತ್ತ ಕರುಗಳ ಹೆಸರು, ಮೊದಲ ರೊಟ್ಟಿ ಸೀದ ಕತೆ, ಎಲ್ಲ ಮಾತಾಡಿ ಮುಗಿಸಿದಳು. ಹಿಮ ಕರಗಿದ ದಿನ ಶಾಲು ಹೊದ್ದಳು.

"ಎಲ್ಲಿಗೆ ಹೊರಟೆ ಅಕ್ಕಾ?"

"ದೋಮೋವ್" ಎಂದುಬಿಟ್ಟಳು. ಹೇಳಿದ ಮೇಲೆ ತಾನೇ ಬೆರಗಾದಳು. ಅವಳ ಬೆರಳು ನದಿಯ ಕಡೆಗೆ ತೋರಿಸುತ್ತಿತ್ತು. ತಂಗಿ ಮಡಕೆಗೆ ಕೆಂಡ ತುಂಬಿ, ಹೊಸ್ತಿಲು ದಾಟಿ ಹೊರಗೆ ಬಂದು ಅಕ್ಕನ ಕೈಗಿಟ್ಟಳು.

ದಾರಿಯಲ್ಲಿ ತೋಳಕ್ಕೆ ಬೇರು ಕೊಟ್ಟು, ಪೋಲಾನಾ ಸೇರುವಾಗ ಸಂಜೆ. ಬೇಲಿಯ ಬಳಿ ರಾದಿಮ್ ಕತ್ತು ಚಾಚಿ, "ದೊಮ್ಮವ್! ದೊಮ್ಮವ್!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಬೂದು ಹಸು ಹುಲ್ಲು ಮೇಯುತ್ತಲೇ ಇತ್ತು.

"ಹಾಗಲ್ಲ ಮಾರಾಯ. ರಾಗ ಎಳೀಬೇಕು."

ಅವನು ತಿರುಗಿ ನೋಡಿದ. ಕಣ್ಣು ಒರೆಸಿಕೊಂಡ. "ಎಳೆದು ತೋರಿಸು ಹಾಗಾದರೆ."

ಇಬ್ಬರೂ ಸೇರಿ ಎಳೆದರು. ಹಸು ತಲೆ ಎತ್ತಿ ಬಂತು. ಆಮೇಲೆ ಬೆಟ್ಟದಲ್ಲೂ ಬಯಲಲ್ಲೂ ಯಾರ ಒಲೆಯೂ ಆರಲಿಲ್ಲ, ಸಂಜೆ ಕರೆದವರೆಲ್ಲ ಬಂದು ಸೇರಿದರು, ಉಂಡು ಸುಖವಾಗಿ ಮಲಗಿದರು.