ಎಡಗಡೆಯ ಅಳತೆ

ಅತ್ತೆಗೆ ಹೆಣ್ಣುಮಕ್ಕಳಿರಲಿಲ್ಲ. ಹಾಗಾಗಿ ಎಡ ಎದೆಯಲ್ಲಿ ಕೈಗೆ ಸಿಕ್ಕ ಗಂಟಿನ ಸುದ್ದಿಯನ್ನು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಮಗನಿಗೆ ಹೇಳುವ ಮಾತಲ್ಲ. ಸೊಸೆಗೂ ಅವರಿಗೂ ಎಣ್ಣೆ ಸೀಗೆಕಾಯಿ. ಮಗನ ಮದುವೆಯಾದ ಹೊಸತರಲ್ಲಿ, ಟೈಲರಾಗಿದ್ದ ಸೊಸೆ ಆಸೆಯಿಂದ ಹೊಲಿದುಕೊಟ್ಟ ರವಿಕೆಯನ್ನು ನೆಂಟರೆದುರೇ ಅವಳ ಮಡಿಲಿಗೆಸೆದು, ಅಳತೆ ಬಾರದವಳು ಎಂದಿದ್ದರು. ಅಲ್ಲಿಂದ ಆರು ವರ್ಷ ಅವರ ಬಟ್ಟೆಯೆಲ್ಲ ಬೀದಿ ತುದಿಯ ಅಂಗಡಿಯಲ್ಲೇ ಹೊಲಿಸಿದ್ದು. ಸೊಸೆಯೂ ಊಟಕ್ಕೆ ಕರೆಯುವುದು ಬಿಟ್ಟರೆ ತುಟಿ ಬಿಚ್ಚುತ್ತಿರಲಿಲ್ಲ.

ಆ ಅಂಗಡಿ ಮುಚ್ಚಿದ ವಾರ ಅತ್ತೆ ವಿಧಿಯಿಲ್ಲದೆ ಬಟ್ಟೆ ಹಿಡಿದು ಸೊಸೆಯ ಮೆಷೀನಿನ ಮುಂದೆ ನಿಂತರು. ಟೇಪು ಎದೆಯನ್ನು ಸುತ್ತಿ ಬಂತು. ಅವಳ ಬೆರಳು ಎಡಗಡೆ ನಿಂತೇಬಿಟ್ಟಿತು...

"ಅವನಿಗೆ ಹೇಳ್ಬೇಡ," ಎಂದರು ಅತ್ತೆ, ಗೋಡೆ ನೋಡುತ್ತಾ.

ಮರುದಿನವೇ ಸೊಸೆ ಅವರನ್ನು ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನ್ ಮಾಡಿದ ವೈದ್ಯೆ, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಬೇಕೆಂದರು. ಸೂಜಿ ತಾಗಿದರೆ ಗಂಟು ಮೈಯೆಲ್ಲ ಹರಡುತ್ತದೆಂದು ಅತ್ತೆ ಹಟ ಹಿಡಿದರು. ಹಾಗಾಗುವುದಿಲ್ಲವೆಂದು ವೈದ್ಯೆ ಎರಡು ಸಲ ಬಿಡಿಸಿ ಹೇಳಿದರೂ ಅತ್ತೆ ಮಂಚ ಹತ್ತಲಿಲ್ಲ.

"ಬಟ್ಟೆ ಯಾವುದು ಅಂತ ತಿಳಿಯೋಕೆ ಒಂದೆಳೆ ಎಳೆದು ನೋಡ್ತೀವಿ, ಅತ್ತೆ," ಎಂದಳು ಸೊಸೆ. "ಅಷ್ಟಕ್ಕೆ ಬಟ್ಟೆ ಹರಿಯಲ್ಲ. ನಾನು ಪಕ್ಕದಲ್ಲೇ ಇರ್ತೀನಿ."

ಅತ್ತೆ ಹತ್ತಿದರು. ತಣ್ಣನೆಯ ಜೆಲ್, ಪರದೆಯ ಮೇಲೆ ಬೂದು ನೆರಳು, ಮರಗಟ್ಟಿಸುವ ಚುಚ್ಚುಮದ್ದಿನ ಚುರುಕು ಉರಿ. ಆಮೇಲೆ ನೋವಿಲ್ಲ, ಬರೀ ಒತ್ತಡ, ಐದು ಸಲ ಸ್ಟೇಪ್ಲರ್ ಒತ್ತಿದಂಥ ಟಕ್ ಸದ್ದು. ಅಲುಗಾಡಬಾರದು. ಸೊಸೆಯ ಕೈಯನ್ನು ಅವರು ಯಾವಾಗ ಹಿಡಿದರೋ ಅವರಿಗೇ ತಿಳಿಯದು.

"ನಿನ್ನ ಮೆಷೀನಿನ ಸೂಜಿಗಿಂತ ದೊಡ್ಡದೇನೆ?"

"ನನ್ನ ಬೆರಳಿಗೆ ಸೂಜಿ ಹೊಕ್ಕಾಗ ಯಾರು ಮರಗಟ್ಟಿಸಿದ್ರು? ಸುಮ್ನೆ ಮಲಗಿ."

ಅತ್ತೆಗೆ ನಗು ಬಂತು. ನಗಬೇಡಿ ಎಂದು ವೈದ್ಯೆ ಗದರಿದರು.

ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು ಪಟ್ಟಿ ಹಾಕಿದರು, ಹೊಲಿಗೆ ಬೇಕಾಗಲಿಲ್ಲ. ಮನೆಯಲ್ಲಿ ಸೊಸೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಅತ್ತೆಯ ಎದೆಗಿಟ್ಟು ಕೂತಾಗ ಅವರೇ ಮಾತು ತೆಗೆದರು.

"ಆ ರವಿಕೆ... ಅಳತೆ ಸರಿಯಾಗೇ ಇತ್ತು ಕಣೆ. ಎಲ್ರೂ ನಿನ್ನನ್ನೇ ಹೊಗಳ್ತಿದ್ರು. ನಂಗೆ ತಡೆಯೋಕಾಗ್ಲಿಲ್ಲ."

ಸೊಸೆ ಐಸನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ಹಿಡಿದಳು.

ಐದನೇ ದಿನ ವರದಿ ಬಂತು. ಕ್ಯಾನ್ಸರ್ ಅಲ್ಲ, ಆರು ತಿಂಗಳು ಬಿಟ್ಟು ಮತ್ತೊಮ್ಮೆ ತೋರಿಸಬೇಕು. ಒಟ್ಟು ಹೋದದ್ದು ಇಷ್ಟು: ದಾರದಷ್ಟು ತೆಳ್ಳಗಿನ ಐದು ಎಳೆ ಮಾಂಸ, ಹೆದರಿಕೆಯಲ್ಲಿ ಎಂಟು ತಿಂಗಳು, ಹಟದಲ್ಲಿ ಆರು ವರ್ಷ.