ಶೇಂಗಾ ಸಿಪ್ಪೆಯ ಹಿಮ

ಸಿಪ್ಪೆಯ ಗುಡ್ಡೆ ಮಾರಿದರೆ ರೋಜಾ ಎಣ್ಣೆ ಮಿಲ್ಲಿಗೆ ಬರುವುದು ನಿಲ್ಲುತ್ತದೆ. ಉಳಿಸಿಕೊಂಡರೆ, ಅದರ ಮೇಲಿಂದ ಜಾರಿ ಜಾರಿಯೇ ಒಂದು ದಿನ ದೂರ ಹೋಗಿಬಿಡುತ್ತಾಳೆ. ಇದರಲ್ಲಿ ಪ್ರೀತಿ ಯಾವುದು, ಸ್ವಾರ್ಥ ಯಾವುದು? ಗವಿಸಿದ್ದೇಶನಿಗೆ ತಿಳಿಯಲಿಲ್ಲ.

"ಇಟ್ಟಂಗಿ ಭಟ್ಟಿಯವ್ರು ಮತ್ತ ಬಂದಿದ್ರಲೇ," ಎಂದರು ಅಪ್ಪ ಪಂಚಾಕ್ಷರಪ್ಪ. "ಸಿಪ್ಪಿ ಕೊಡಾಂಗಿಲ್ಲೇನು?"

"ಇನ್ನೂ ಹಸಿ ಐತಿ, ಅಪ್ಪಾ. ಒಣಗಲಿ."

ಹಗರಿಬೊಮ್ಮನಹಳ್ಳಿಯ ಬಿಸಿಲಲ್ಲಿ ಎರಡು ತಿಂಗಳಾದರೂ ಒಣಗದ ಶೇಂಗಾ ಸಿಪ್ಪೆ! ಅಪ್ಪ ಮಗನ ಮುಖ ನೋಡಿ ಒಳಗೆ ಹೋದರು.

ಅದು ತೊಂಬತ್ತೆಂಟರ ಡಿಸೆಂಬರ್. ಸಂಜೆ ಮಿಷನ್ ನಿಂತ ಮೇಲೆ ರೋಜಾ ಬಂದಳು. ಹೆಗಲ ಮೇಲೆ ಉದ್ದನೆಯ ಎರಡು ಹಲಗೆ. ಕಾಲೇಜಿನ ಎನ್‌ಸಿಸಿಯಿಂದ ಹಿಮಾಲಯದ ಕ್ಯಾಂಪಿಗೆ ಹೋಗಿದ್ದಾಗ ಅಲ್ಲಿನ ಸಾಹೇಬರು ಕೊಟ್ಟ, ಹಿಮದ ಮೇಲೆ ಜಾರುವ ಹಳೆಯ ಸ್ಕೀ. ಕುರಿ ಸಾಕುವ ಮನೆಯ ಹುಡುಗಿ. ತಾಯಿ ಸುಂಕಮ್ಮ ಇದೇ ಮಿಲ್ಲಿನಲ್ಲಿ ಕಾಳು ಆರಿಸುತ್ತಾಳೆ. ಮೊದಲ ಚಳಿಗಾಲದ ಸ್ಪರ್ಧೆಯಲ್ಲಿ ರೋಜಾ ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು. ಮರುವರ್ಷ ನಾಲ್ಕನೆಯವಳಾಗಿ ಬಂದಳು. ನಡುವೆ ಜಾರಿ ಕಲಿಯಲು ಅವಳಿಗೆ ಇದ್ದದ್ದು ಸುಗ್ಗಿ ಸುಗ್ಗಿಗೂ ಮಿಲ್ಲಿನಲ್ಲಿ ಏಳುವ ಸಿಪ್ಪೆಯ ಗುಡ್ಡೆ ಒಂದೇ.

ಮೊಟ್ಟಮೊದಲ ದಿನ, ಹಲಗೆಯ ತಳಕ್ಕೆ ಮೇಣ ಬೇಕು ಎಂದಿದ್ದಳು. ಮೇಣ ಎಲ್ಲಿಂದ ತರುವುದು? ಜಾರಬೇಕು ತಾನೇ ಎಂದು ಗವಿ ಗಾಣದಿಂದ ಆಗಷ್ಟೇ ಇಳಿದ ಎಣ್ಣೆಯನ್ನು ಧಾರಾಳವಾಗಿ ಸವರಿದ್ದ. ಅವಳು ಅರ್ಧ ಇಳಿದು ನಿಂತುಬಿಟ್ಟಳು. ತಳದ ತುಂಬ ಸಿಪ್ಪೆ ಮೆತ್ತಿಕೊಂಡಿತ್ತು.

"ಸಾವ್ಕಾರ್ರ, ಸ್ಕೀ ಸಜ್ಜು ಮಾಡ್ರಿ ಅಂದ್ರ ಶೇಂಗಾ ಉಂಡಿ ಕಟ್ಟೀರಲ್ರಿ!"

ಆ ನಗುವಿಗೆ ತಗಡಿನ ಮೇಲಿನ ಪಾರಿವಾಳಗಳು ಹಾರಿದ್ದವು. ಅಂದಿನಿಂದ ಗವಿಯ ಮನೆಯಲ್ಲಿ ಮೇಣದಬತ್ತಿ ಉಳಿಯಲಿಲ್ಲ. ಕರೆಂಟು ಹೋದಾಗಲೆಲ್ಲ ಅವ್ವ ಕತ್ತಲಿಗೆ ಬೈಯುತ್ತಿದ್ದಳು.

ಇಂದು ರೋಜಾ ಗುಡ್ಡೆ ಹತ್ತಲಿಲ್ಲ.

"ಸೆಲೆಕ್ಷನ್ ಆಗೇತಿ, ಗವಿ. ಸ್ಕೀ ತಂಡದ ಕ್ಯಾಂಪಿಗೆ. ನಾಳಿ ಮುಂಜಾನಿ ಹೊಸಪೇಟಿ ಬಸ್ಸು."

"ಎಷ್ಟು ದಿನ?"

"ಚೊಲೋ ಮಾಡಿದ್ರ ನೌಕರಿನೂ ಅಲ್ಲೇ." ಅವಳು ಹಲಗೆ ಕೆಳಗಿಟ್ಟಳು. "ಹೋಗೂ ಮುಂದ ನಿನ್ನ ಒಮ್ಮಿ ಇಳಸ್ತೀನಿ, ಬಾ."

ಗುಡ್ಡೆಯ ತುದಿಯಲ್ಲಿ ಅವನ ಪಾದದ ಬಳಿ ಕುಳಿತು ಹಲಗೆಯ ಪಟ್ಟಿ ಬಿಗಿದಳು. ಅವನು ನಾಚಿ ಕಾಲೆಳೆದುಕೊಂಡ.

"ಕಾಲು ಮುಟ್ಟಬ್ಯಾಡ, ರೋಜಾ."

"ಸುಮ್ನಿರು. ಕುರಿ ಕಾಲು ಹಿಡದ ಕೈ ಇದು. ಒದೀಬ್ಯಾಡ, ಅಷ್ಟ ಸಾಕು."

ಅವನು ಎರಡು ಮಾರು ಜಾರಿ ಸಿಪ್ಪೆಯಲ್ಲಿ ಹೂತುಹೋದ. ಅವಳು ಓಡಿ ಬಂದು ಕೂದಲಿಂದ ಒಂದೊಂದೇ ಚೂರು ಹೆಕ್ಕಿದಳು. ಕೊನೆಯದು ರೆಪ್ಪೆಯ ಮೇಲಿತ್ತು. ಅದನ್ನು ತೆಗೆಯಲು ಉಸಿರು ಹಿಡಿದಳು. ಅವನೂ ಹಿಡಿದ. ಇಳಿಬಿಸಿಲಲ್ಲಿ ಇಡೀ ಗುಡ್ಡೆ ಬಂಗಾರದ ಬಣ್ಣಕ್ಕೆ ತಿರುಗಿತ್ತು.

"ಹಿಮ ಹೆಂಗಿರತೈತಿ?" ಕೇಳಿದ.

"ಸದ್ದ ಇರಂಗಿಲ್ಲ. ನಿನ್ನಂಗ."

ಕೆಳಗೆ ಕಾಳು ಆರಿಸುತ್ತಿದ್ದ ಸುಂಕಮ್ಮ ಬೇಕೆಂದೇ ಇತ್ತ ನೋಡಲಿಲ್ಲ.

"ಅವ್ವ ಅಂತಾಳ, ಇರು ಅನ್ನೋರು ಯಾರರ ಇದ್ರ ಇದ್ಬಿಡು ಅಂತ." ರೋಜಾ ಹಲಗೆಯ ತುದಿ ಒರೆಸುತ್ತಲೇ ಇದ್ದಳು. "ನೀ ಏನಂತಿ?"

ಗವಿ ಅವಳ ಮೊಣಕಾಲು ನೋಡಿದ. ಸುಮ್ಮನೆ ನಿಂತಾಗಲೂ ಅವು ಇಳಿಜಾರಿಗೆ ಕಾದಂತೆ ತುಸು ಬಾಗಿರುತ್ತಿದ್ದವು.

"ಅಲ್ಲಿ ಥಂಡಿ ಭಾಳ. ಕಂಬಳಿ ಒಯ್ಯಿ," ಎಂದ.

"ಕಂಬಳಿ ಮನಿ ಹುಡುಗಿಗೆ ಕಂಬಳಿ ಒಯ್ಯಿ ಅಂತೀಯಲ್ಲೋ!" ನಕ್ಕಳು. ಆಮೇಲೂ ಅವನ ಮುಖವನ್ನೇ ನೋಡುತ್ತಿದ್ದಳು. ನಗು ನಿಧಾನವಾಗಿ ತುಟಿಯಿಂದ ಇಳಿದುಹೋಯಿತು.

ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಅವನು ಮೇಣದಬತ್ತಿಯ ಕಟ್ಟು ಕೊಟ್ಟ. ತೆಗೆದುಕೊಳ್ಳುವಾಗ ಅವಳ ಬೆರಳು ಅವನ ಬೆರಳ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು. ಕಂಡಕ್ಟರ್ ಸೀಟಿ ಊದಿದ.

ಮಿಲ್ಲಿಗೆ ಬಂದು ಗವಿ ಹೇಳಿದ, "ಅಪ್ಪಾ, ಸಿಪ್ಪಿ ಒಣಗೇತಿ. ಭಟ್ಟಿಯವ್ರಿಗೆ ಹೇಳ್ರಿ."

"ಒಂದ ರಾತ್ರ್ಯಾಗ?"

ಗವಿ ಗೇಟು ತೆರೆಯಲು ಹೋದ. ಮಧ್ಯಾಹ್ನದ ಹೊತ್ತಿಗೆ ಲಾರಿ ಗುಡ್ಡೆಯನ್ನು ಒಯ್ದಿತು. ಬಯಲಾದ ನೆಲದ ಮೇಲೆ ಅವನು ಬಹಳ ಹೊತ್ತು ನಿಂತಿದ್ದ.

ಇರು ಎಂದು ಅವನು ಅವಳಿಗೆ ಹೇಳಲೇ ಇಲ್ಲ.